ಜರ್ಮನಿಯ ವಿದುಷಿ ರಿಕಾರ್ಡಾ ಹೂಖ್

ಪಾಂಡಿತ್ಯಕ್ಕೆ ಎರಡು ಪರೀಕ್ಷೆಗಳುಂಟು. ಒಂದು ವಿದ್ವಾಂಸರ ಸಭೆಯಲ್ಲಿ ನಡೆಯತಕ್ಕದ್ದು. ಮತ್ತೊಂದು ಅಧಿಕಾರದ ಇದಿರಿನಲ್ಲಿ ನಡೆಯತಕ್ಕದ್ದು. ಮೊದಲನೆಯದರಲ್ಲಿ ಉತ್ತೀರ್ಣರಾದವರು ಅನೇಕರು. ಎರಡನೆಯದರಲ್ಲಿ ತಲೆಯೆತ್ತಿ ನಿಂತವರು ವಿರಳ. ಈ ಎರಡರಲ್ಲಿಯೂ ಗೆದ್ದ ಲೇಖಕಿಯರಲ್ಲಿ ಜರ್ಮನಿಯ ರಿಕಾರ್ಡಾ ಹೂಖ್ ಅಗ್ರಗಣ್ಯಳು.

ಈಕೆ 1864ನೆಯ ಜುಲೈ 18ರಂದು ಬ್ರೌನ್‌ಷ್ವೈಗ್ ನಗರದ ವರ್ತಕ ಮನೆತನವೊಂದರಲ್ಲಿ ಜನಿಸಿದಳು. ಆಗ ಜರ್ಮನಿಯ ವಿಶ್ವವಿದ್ಯಾನಿಲಯಗಳ ಬಾಗಿಲು ಸ್ತ್ರೀಯರಿಗೆ ಮುಚ್ಚಿತ್ತು. ಪ್ರಷ್ಯದಲ್ಲಿ ಅದು ತೆರೆದುದು 1908ರಲ್ಲಿ. ಆದುದರಿಂದ ರಿಕಾರ್ಡಾ 1887ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಚ್ ನಗರಕ್ಕೆ ತೆರಳಿ, ಇತಿಹಾಸವನ್ನು ವ್ಯಾಸಂಗ ಮಾಡಿ, 1892ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದಳು. ಅಲ್ಲಿಯೇ ನಗರದ ಗ್ರಂಥಾಲಯದಲ್ಲಿಯೂ ಬಾಲಿಕೆಯರ ಶಾಲೆಯಲ್ಲಿಯೂ ಕೆಲಸಮಾಡಿ ಸ್ವಾವಲಂಬಿಯಾಗಿ ಬಾಳಿದಳು.

ವರ್ತಕ ಕುಟುಂಬವೊಂದರ ಅವನತಿಯನ್ನು ಚಿತ್ರಿಸುವ ಆಕೆಯ ಮೊದಲ ಕಾದಂಬರಿ 1893ರಲ್ಲಿ ಪ್ರಕಟವಾಯಿತು. 1899 ಮತ್ತು 1902ರಲ್ಲಿ ಹೊರಬಂದ ಎರಡು ಗ್ರಂಥಗಳಲ್ಲಿ ಜರ್ಮನಿಯ ರಮ್ಯಕಾವ್ಯ ಪಂಥದ ಏಳಿಗೆಯನ್ನೂ ಇಳಿಗಾಲವನ್ನೂ ವಿವೇಚಿಸಿದಳು. 1618ರಿಂದ 1648ರವರೆಗೆ ಜರ್ಮನಿಯನ್ನು ಸುಟ್ಟ ಮೂವತ್ತು ವರ್ಷಗಳ ಯುದ್ಧವನ್ನು ಕುರಿತ ಮಹಾಕೃತಿ 1912ರಿಂದ 1914ರವರೆಗೆ ಮೂರು ಸಂಪುಟಗಳಲ್ಲಿ ಬೆಳಕು ಕಂಡಿತು. ಅರಸರ, ಸೇನಾಪತಿಗಳ ಜೊತೆಗೆ ರೈತನೂ ಸಿಪಾಯಿಯೂ ಅಲ್ಲಿ ಕಾಣಿಸಿಕೊಳ್ಳುತ್ತಾರೆ. ಇತಿಹಾಸಕಾರಳ ಶ್ರದ್ಧೆ, ಕವಯಿತ್ರಿಯ ಕಣ್ಣು ಎರಡೂ ಈ ಬರವಣಿಗೆಯಲ್ಲಿ ಕೂಡಿವೆ. 1926ರಲ್ಲಿ ಪ್ರಷ್ಯದ ಕಲಾ ಅಕಾಡೆಮಿಯ ಸಾಹಿತ್ಯ ವಿಭಾಗಕ್ಕೆ ಆಯ್ಕೆಯಾದ ಪ್ರಥಮ ಮಹಿಳೆ ಈಕೆಯೇ. 1931ರಲ್ಲಿ ಫ್ರಾಂಕ್‌ಫರ್ಟ್ ನಗರವು ಗಯಟೆ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಎರಡನೆಯ ಪರೀಕ್ಷೆ ಒದಗಿದುದು 1933ರಲ್ಲಿ. ಹಿಟ್ಲರನ ಪಕ್ಷ ಅಧಿಕಾರಕ್ಕೆ ಬಂದೊಡನೆ ಅಕಾಡೆಮಿಯು ಸದಸ್ಯರಿಂದ ನಿಷ್ಠೆಯ ಒಪ್ಪಿಗೆಯನ್ನು ಬೇಡಿತು. ಅನೇಕರು ಸಹಿ ಮಾಡಿದರು. ರಿಕಾರ್ಡಾ ಮಾಡಲಿಲ್ಲ. ಆಕೆಯ ಕೀರ್ತಿಯನ್ನು ಬಿಟ್ಟುಕೊಡಲು ಇಚ್ಛಿಸದ ಅಧ್ಯಕ್ಷನು, ಆಕೆಯೂ ದೇಶಾಭಿಮಾನಿಯಲ್ಲವೆ ಎಂದು ಪತ್ರಮುಖೇನ ಒಲಿಸಲು ಯತ್ನಿಸಿದನು. ಜರ್ಮನಿಯನ್ನು ತಾನು ಪ್ರೀತಿಸುವುದು ನಿಜವೇ. ಆದರೆ ಬಲಾತ್ಕಾರ, ಕ್ರೌರ್ಯ, ಭಿನ್ನಮತದವರ ನಿಂದೆ, ಆತ್ಮಪ್ರಶಂಸೆ ಇವು ತನ್ನ ಜರ್ಮನ್‌ತನವಲ್ಲವೆಂದು ಆಕೆ ಉತ್ತರಿಸಿದಳು. ಯೆಹೂದಿಯಾದ ಸಾಹಿತಿ ಆಲ್‌ಫ್ರೆಡ್ ಡೋಬ್ಲಿನ್ನನ ಪ್ರಾಮಾಣಿಕತೆಯನ್ನು ಅದೇ ಪತ್ರದಲ್ಲಿ ಎತ್ತಿಹಿಡಿದು, ಏಪ್ರಿಲ್ 9ರಂದು ಅಕಾಡೆಮಿಯಿಂದ ಹೊರನಡೆದಳು. ಆಗ ಆಕೆಗೆ ಅರುವತ್ತೆಂಟು ವರ್ಷ.

ಅನಂತರವೂ ಆಕೆ ದೇಶವನ್ನು ತೊರೆಯಲಿಲ್ಲ, ಲೇಖನಿಯನ್ನೂ ಕೆಳಗಿಡಲಿಲ್ಲ. 1934ರಲ್ಲಿ ಪ್ರಕಟವಾದ ಜರ್ಮನ್ ಇತಿಹಾಸದ ಮೊದಲ ಸಂಪುಟದಲ್ಲಿ ಮಧ್ಯಯುಗದ ಯೆಹೂದಿಗಳು ಅನುಭವಿಸಿದ ಹಿಂಸೆಯನ್ನು ಮರೆಮಾಚದೆ ಬರೆದಳು. ಎರಡನೆಯ ಸಂಪುಟ 1937ರಲ್ಲಿ ಬಂದಿತು. ಮೂರನೆಯದು ಹೊರಬರುವಾಗ, 1949ರಲ್ಲಿ, ಆಕೆ ಜೀವಿಸಿರಲಿಲ್ಲ.

ಯುದ್ಧಾನಂತರ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಹಿಟ್ಲರನನ್ನು ವಿರೋಧಿಸಿ ಪ್ರಾಣತೆತ್ತವರ ಚರಿತ್ರೆಗಳನ್ನು ಬರೆಯಲು ಸಾಮಗ್ರಿಯನ್ನು ಸಂಗ್ರಹಿಸತೊಡಗಿದಳು. 1947ರ ಅಕ್ಟೋಬರಿನಲ್ಲಿ ಬರ್ಲಿನ್ನಿನಲ್ಲಿ ನಡೆದ ಜರ್ಮನ್ ಲೇಖಕರ ಸಮ್ಮೇಳನದ ಗೌರವಾಧ್ಯಕ್ಷೆಯಾದಳು. ಅದೇ ವರ್ಷ ನವೆಂಬರ್ 17ರಂದು ದಿವಂಗತಳಾದಳು. ಆ ಚರಿತ್ರೆಗಳು ಅಪೂರ್ಣವಾಗಿಯೇ ಉಳಿದವು.

ಪದವಿಯನ್ನು ಪಡೆಯಲು ನಾಡನ್ನು ಬಿಟ್ಟು ಹೋದ ಈಕೆ, ನಾಡಿನ ಮಾನವನ್ನು ಉಳಿಸಲು ಪದವಿಯನ್ನೇ ಬಿಟ್ಟಳು. ಓದು ಮನುಷ್ಯನನ್ನು ಎಲ್ಲಿಗೆ ಒಯ್ಯಬೇಕೆಂಬುದನ್ನು ಈ ಬಾಳು ತಿಳಿಸುತ್ತದೆ.