ನಿಂತ ಚುಕ್ಕಿ, ಮೇಲೇರುವ ಹಡಗು

ಪನಾಮಾ ಕಾಲುವೆಯ ಮಿರಾಫ್ಲೋರೆಸ್ ಲಾಕಿನಲ್ಲಿ ಅಲ್ಲಿನ ಆಡಳಿತವೇ ಇಟ್ಟಿರುವ ಕ್ಯಾಮೆರಾದ ನೇರ ದೃಶ್ಯವನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡಬಹುದು. ನಮ್ಮಲ್ಲಿ ರಾತ್ರಿ ಒಂಬತ್ತಾದಾಗ ಅಲ್ಲಿ ಬೆಳಿಗ್ಗೆ ಹತ್ತೂವರೆ. ಊಟ ಮುಗಿಸಿ ಕೂತವರಿಗೆ ಹೇಳಿ ಮಾಡಿಸಿದ ಹೊತ್ತು. ಇದೆಲ್ಲ ಬರೀ ಕಾಲಹರಣ, ಹಡಗು ಎಲ್ಲಿದೆಯೆಂದು ತಿಳಿಯಲು ಹಡಗುಗಳ ರೇಡಿಯೊ ಸಂದೇಶಗಳಿಂದ ಮೂಡುವ ಎಐಎಸ್ ನಕ್ಷೆ ಸಾಲದೇ ಎನ್ನುವವರಿದ್ದಾರೆ. ತೆರೆದ ಕಡಲಿನ ಮಟ್ಟಿಗೆ ಅವರ ಮಾತು ಸರಿ. ದೇಶದಿಂದ ದೇಶಕ್ಕೆ ಓಡಾಡುವ ದೊಡ್ಡ ಹಡಗುಗಳೆಲ್ಲ ತಮ್ಮ ಹೆಸರು, ಸ್ಥಾನ, ವೇಗ, ದಿಕ್ಕುಗಳನ್ನು ರೇಡಿಯೊದಲ್ಲಿ ಸಾರುತ್ತಲೇ ಇರಬೇಕು, ಚಲಿಸುವಾಗಲಂತೂ ಕೆಲವೇ ಸೆಕೆಂಡಿಗೊಮ್ಮೆ. ಆದರೆ ಆ ಸಂದೇಶದಲ್ಲಿ ಎತ್ತರಕ್ಕೆ ಜಾಗವಿಲ್ಲ. ಮಿರಾಫ್ಲೋರೆಸ್‌ನಲ್ಲಿ ಹಡಗು ನೀರು ತುಂಬುವ ಎರಡು ತೊಟ್ಟಿಗಳಲ್ಲಿ, ಮೆಟ್ಟಿಲೇರಿದಂತೆ, ಸುಮಾರು 16.5 ಮೀಟರ್ ಮೇಲೇರುತ್ತದೆ. ಅಷ್ಟು ಎತ್ತರ ಏರುತ್ತಿರುವಾಗಲೇ ನಕ್ಷೆಯಲ್ಲಿ ಅದು ಕದಲದ ಚುಕ್ಕಿ. ಕಾಲುವೆ ತನ್ನ ಅಸಲಿ ಕೆಲಸ ಮಾಡುವುದು ಕಾಣಬೇಕಾದರೆ ಕ್ಯಾಮೆರಾವೇ ಬೇಕು.

ಅದರಲ್ಲೂ ಹಡಗಿಗಿಂತ ನೀರಿನ ಅಂಚನ್ನು ನೋಡಬೇಕು. ಒಂದೊಂದು ತೊಟ್ಟಿಯ ಉದ್ದ 305 ಮೀಟರ್, ಅಗಲ 33.5 ಮೀಟರ್. ಅದನ್ನು ತುಂಬಿಸಲು ಪಂಪುಗಳಿಲ್ಲ. 1914ರಿಂದಲೂ ಮೇಲಿನ ನೀರು ಗೋಡೆಯೊಳಗಿನ ಸುರಂಗಗಳಲ್ಲಿ ಇಳಿದು, ನೆಲದ ಕಿಂಡಿಗಳಿಂದ ಉಕ್ಕುತ್ತದೆ. ನಮ್ಮ ಕೆರೆಯ ತೂಬು ಎತ್ತಿದಂತೆ. ಮೊದಲು ಸರಸರನೆ ಏರುವ ನೀರು ಬರಬರುತ್ತಾ ನಿಧಾನವಾಗುತ್ತದೆ, ಏಕೆಂದರೆ ಅದನ್ನು ತಳ್ಳುವುದು ಎರಡೂ ಕಡೆಯ ಮಟ್ಟಗಳ ವ್ಯತ್ಯಾಸ, ಆ ವ್ಯತ್ಯಾಸವೇ ಕರಗುತ್ತಿರುತ್ತದೆ. ಸರಳ ಲೆಕ್ಕದಲ್ಲಿ ಮುಕ್ಕಾಲು ಎತ್ತರ ತುಂಬಲು ಅರ್ಧ ಸಮಯ ಸಾಕು, ಉಳಿದ ಕಾಲು ಭಾಗಕ್ಕೆ ಇನ್ನರ್ಧ ಸಮಯ ಬೇಕು. ಇಷ್ಟು ಹೊತ್ತು ಯಾರು ಕಾಯುತ್ತಾರೆ, ಎರಡು ನಿಮಿಷಕ್ಕೆ ಕತ್ತರಿಸಿದ ವಿಡಿಯೊ ಇದೆಯಲ್ಲ ಎನ್ನಬಹುದು. ಆದರೆ ಕತ್ತರಿ ಬೀಳುವುದು ಈ ಮಂದಗತಿಯ ಭಾಗಕ್ಕೇ, ಕಾಯಲೇಬೇಕಾದ ಕಾರಣ ಇರುವುದೂ ಅಲ್ಲೇ. ತೊಟ್ಟಿಯ ಬಾಗಿಲ ಎರಡು ರೆಕ್ಕೆಗಳು ಮೇಲಿನ ನೀರಿನ ಕಡೆಗೆ ಮೊನೆ ಮಾಡಿ ಕೂಡಿಕೊಂಡಿರುತ್ತವೆ. ಮಟ್ಟದಲ್ಲಿ ಹತ್ತು ಸೆಂಟಿಮೀಟರ್ ವ್ಯತ್ಯಾಸ ಉಳಿದರೂ ಒಂದೊಂದು ರೆಕ್ಕೆಯ ಮೇಲೆ ಇಪ್ಪತ್ತು ಟನ್ನಿಗೂ ಮಿಕ್ಕಿದ ಒತ್ತಡ. ನೀರು ಸಮವಾಗುವವರೆಗೆ ಬಾಗಿಲು ತೆರೆಯುವ ಮಾತೇ ಇಲ್ಲ.

ಇನ್ನೊಂದು ಸಂಗತಿ ಕಣ್ಣಿಗೆ ಬಿದ್ದರೂ ನಂಬಲು ಕಷ್ಟ. ಹಡಗು ಖಾಲಿಯಿರಲಿ, ಸರಕು ತುಂಬಿರಲಿ, ಅದನ್ನು ಎತ್ತಲು ತೊಟ್ಟಿಗೆ ಬಿಡಬೇಕಾದ ನೀರು ಒಂದೇ. ತೇಲುವ ಹಡಗು ತನ್ನ ತೂಕದಷ್ಟು ನೀರನ್ನು ಮೊದಲೇ ಸರಿಸಿಕೊಂಡಿರುತ್ತದೆ. ಹೊಸದಾಗಿ ಬೇಕಾದದ್ದು ತೊಟ್ಟಿಯ ವಿಸ್ತೀರ್ಣ ಮತ್ತು ಏರಬೇಕಾದ ಎತ್ತರದ ಗುಣಲಬ್ಧ. ಪುಟ್ಟ ವಿಹಾರನೌಕೆಗೂ ಅಷ್ಟೇ ಖರ್ಚು, ಹಾಗಾಗಿ ಅಂಥವನ್ನು ಹೆಚ್ಚಾಗಿ ಬೇರೆ ಹಡಗಿನ ಜೊತೆ ಸೇರಿಸಿಯೇ ದಾಟಿಸುತ್ತಾರೆ. ಒಂದು ಹಡಗು ಕಡಲಿಂದ ಕಡಲಿಗೆ ದಾಟಿದರೆ ಸುಮಾರು 20 ಕೋಟಿ ಲೀಟರ್ ಸಿಹಿನೀರು ಉಪ್ಪುನೀರಿನ ಪಾಲು. ಅದು ಬರುವುದು ಮುಖ್ಯವಾಗಿ ಗಟುನ್ ಸರೋವರದಿಂದ. ಅಲ್ಲಿನ ನಗರಗಳು ಕುಡಿಯುವುದೂ ಅದೇ ನೀರನ್ನು. 2023ರಲ್ಲಿ ಮಳೆ ಕೈಕೊಟ್ಟಾಗ ದಿನಕ್ಕೆ 36ರ ಆಸುಪಾಸಿನಲ್ಲಿದ್ದ ಹಡಗುಗಳ ಸಂಖ್ಯೆಯನ್ನು ಡಿಸೆಂಬರ್ ಹೊತ್ತಿಗೆ 22ಕ್ಕೆ ಇಳಿಸಬೇಕಾಯಿತು.

ಬರಗಾಲ ಕ್ಯಾಮೆರಾದಲ್ಲಿ ಕಾಣುವುದಿಲ್ಲವಲ್ಲ ಎಂದರೆ, ಸರೋವರ ಕಾಣುವುದಿಲ್ಲ ನಿಜ. ಅದರ ಪರಿಣಾಮ ಕಾಣುತ್ತದೆ. ಮಿರಾಫ್ಲೋರೆಸ್‌ನಂಥ ಹಳೆಯ ಲಾಕುಗಳಲ್ಲಿ ಎರಡು ಸಾಲು ತೊಟ್ಟಿಗಳು ಅಕ್ಕಪಕ್ಕದಲ್ಲಿವೆ. ನೀರು ಉಳಿಸಲು ಒಂದು ಸಾಲಿನಲ್ಲಿ ಖಾಲಿಯಾಗುವ ನೀರನ್ನು ಕಡಲಿಗೆ ಬಿಡದೆ ಪಕ್ಕದ ಸಾಲಿಗೆ ಹರಿಸುವ ಕ್ರಮವನ್ನು ಕಾಲುವೆಯ ಆಡಳಿತ ಆಗ ಬಳಸಿತು. ಹಾಗೆ ಮಾಡಿದಾಗ ಒಂದು ಹಡಗು ಇಳಿಯುತ್ತಿರುವಂತೆಯೇ ಪಕ್ಕದ್ದು ಏರುತ್ತದೆ, ಅದೂ ಅರ್ಧದವರೆಗೆ ಮಾತ್ರ. ಮಿಕ್ಕ ಅರ್ಧವನ್ನು ಮೇಲಿನಿಂದಲೇ ತುಂಬಬೇಕು.