ನಿಧಾನಕ್ಕೆ ನಿದಾನ

ಗಣಕಯಂತ್ರವು ಈಗ ಅನೇಕ ಮನೆಗಳಲ್ಲಿ ಲೆಕ್ಕದ ಪುಸ್ತಕ, ಅಂಚೆಯ ಪೆಟ್ಟಿಗೆ, ಮಕ್ಕಳ ಪಾಠಶಾಲೆ ಎಲ್ಲವೂ ಆಗಿರುವುದಷ್ಟೆ. ಹೊಸತರಲ್ಲಿ ಗುಂಡಿಯನ್ನೊತ್ತಿದೊಡನೆ ಎಚ್ಚರಗೊಳ್ಳುತ್ತಿದ್ದ ಯಂತ್ರವು, ನಾಲ್ಕಾರು ವರ್ಷಗಳು ಕಳೆಯುತ್ತಲೇ, ನಾವು ಕಾಫಿ ಕಾಯಿಸಿ ಕುಡಿದು ಮುಗಿಸುವವರೆಗೂ ಕಣ್ಣು ತೆರೆಯದಂತಾಗುವುದು. ಆಗ ಗೃಹಸ್ಥನು ಹೊಸ ಯಂತ್ರಕ್ಕೆ ಹಣ ಹೊಂದಿಸಲು ತೊಡಗುವನು. ಇಲ್ಲವೆ ವೇಗವನ್ನು ಹೆಚ್ಚಿಸುವುದಾಗಿ ಜಾಹೀರಾತು ಮಾಡಿಕೊಳ್ಳುವ ಯಾವುದೋ ತಂತ್ರಾಂಶವನ್ನು ತಂದು ಹಾಕುವನು. ಎರಡೂ ಅವಸರದ ಕೆಲಸಗಳೇ. ರೋಗದ ಕಾರಣವನ್ನು ಅರಿಯುವುದಕ್ಕೆ ವೈದ್ಯಶಾಸ್ತ್ರದಲ್ಲಿ ನಿದಾನವೆಂದು ಹೆಸರು. ಯಂತ್ರದ ನಿಧಾನಕ್ಕೂ ಮೊದಲು ಆಗಬೇಕಾದುದು ಈ ನಿದಾನವೇ.

ಯಂತ್ರವು ಮೂರು ಹಂತಗಳಲ್ಲಿ ಏಳುವುದು. ಮೊದಲು ಫರ್ಮ್‌ವೇರ್ ಎಂಬುದು ಯಂತ್ರದ ಅಂಗಾಂಗಗಳನ್ನು ಪರೀಕ್ಷಿಸುವುದು. ಬಳಿಕ ವಿಂಡೋಸ್ ಮೊದಲಾದ ಕಾರ್ಯವ್ಯವಸ್ಥೆಯು ಡಿಸ್ಕಿನಿಂದ ಸ್ಮೃತಿಗೆ ಬರುವುದು. ಕಡೆಗೆ, ಗುಪ್ತಪದವನ್ನು ಕೊಟ್ಟ ಮೇಲೆ, ಉಳಿದ ತಂತ್ರಾಂಶಗಳು ತಾವಾಗಿಯೇ ತೆರೆದುಕೊಳ್ಳುವುವು. ತಡವಾಗುವುದು ಯಾವ ಹಂತದಲ್ಲೆಂದು ಗಡಿಯಾರ ಹಿಡಿದು ನೋಡಿದರೆ ಕಾರಣವು ಅರ್ಧಕ್ಕರ್ಧ ಹೊರಬೀಳುವುದು.

ಮೂರನೆಯ ಹಂತವು ದೀರ್ಘವಾಗಿದ್ದರೆ ದೋಷವು ಕರೆಯದೆ ಬರುವ ಅತಿಥಿಗಳದು. ಮುದ್ರಕ, ಸಂಗೀತ, ಸಂದೇಶಗಳಿಗೆಂದು ನಾವು ಹಾಕಿಕೊಂಡ ತಂತ್ರಾಂಶಗಳಲ್ಲಿ ಹಲವು, ಯಂತ್ರದೊಡನೆ ತಾವೂ ಏಳುವಂತೆ ಏರ್ಪಾಡು ಮಾಡಿಕೊಂಡಿರುವುವು. ಬೆಳಗ್ಗೆ ಮನೆಮಂದಿಯೆಲ್ಲ ಒಮ್ಮೆಗೇ ಬಚ್ಚಲಮನೆಯ ಬಾಗಿಲಿಗೆ ಬಂದಂತಾಗುವುದು. ವಿಂಡೋಸ್ 10 ಮತ್ತು 11ರಲ್ಲಿ ಕಂಟ್ರೋಲ್, ಷಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುವುದು. ಅದರ ಸ್ಟಾರ್ಟಪ್ ವಿಭಾಗದಲ್ಲಿ ಇವುಗಳ ಪಟ್ಟಿಯಿದ್ದು, ಯಾವುದರ ಭಾರವೆಷ್ಟೆಂಬುದನ್ನೂ ಎದುರಿಗೆ ನಮೂದಿಸಿರುವುದು. ಬೇಡವಾದುದನ್ನು ಆರಿಸಿ ಡಿಸೇಬಲ್ ಎಂಬುದನ್ನು ಒತ್ತಿದರೆ ಸಾಕು. ತಂತ್ರಾಂಶವು ಅಳಿಯುವುದಿಲ್ಲ, ಕರೆದಾಗ ಮಾತ್ರ ಬರುವುದು. ವೈರಸ್ ನಿರೋಧಕವನ್ನೂ, ಗುರುತು ಹತ್ತದವುಗಳನ್ನೂ ಮುಟ್ಟದಿರುವುದು ಲೇಸು.

ಎರಡನೆಯ ಹಂತದಲ್ಲಿಯೇ ತಡವಾದರೆ ದೃಷ್ಟಿಯನ್ನು ಡಿಸ್ಕಿನತ್ತ ತಿರುಗಿಸತಕ್ಕದ್ದು. ಹಳೆಯ ಬಗೆಯ ಹಾರ್ಡ್ ಡಿಸ್ಕಿನೊಳಗೆ ಸಾಧಾರಣವಾಗಿ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆಗಳೂ, ಅವುಗಳ ಮೇಲೆ ಅತ್ತಿತ್ತ ಚಲಿಸುವ ತೋಳೂ ಇರುವುವು. ಚದರಿದ ಒಂದೊಂದು ತುಣುಕನ್ನು ಹುಡುಕಲು ಅದಕ್ಕೆ ಸುಮಾರು ಸೆಕೆಂಡಿನ ನೂರರಲ್ಲೊಂದು ಭಾಗ ಬೇಕು. ವಿಂಡೋಸ್ ಏಳಲು ಇಂತಹ ತುಣುಕುಗಳು ಸಾವಿರಾರು ಬೇಕು. ಎಸ್‌ಎಸ್‌ಡಿಯಲ್ಲಿ ಚಲಿಸುವ ಭಾಗವೇ ಇಲ್ಲದುದರಿಂದ ಹುಡುಕಾಟವು ಅತ್ಯಲ್ಪ ಕಾಲದಲ್ಲಿ ಮುಗಿಯುವುದು. ಮಿಕ್ಕೆಲ್ಲವೂ ಸರಿಯಿರುವ ಯಂತ್ರಕ್ಕೆ ಇದನ್ನು ಹಾಕಿಸುವುದೇ ಪರಮೌಷಧ. ವೆಚ್ಚವೂ ಹೊಸ ಯಂತ್ರಕ್ಕಿಂತ ಬಹಳ ಕಡಿಮೆ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಆ ಯಂತ್ರವು ವಿಂಡೋಸ್ 11ನ್ನು ತಾಳಬಲ್ಲುದೇ ಎಂದು ಮೊದಲು ವಿಚಾರಿಸುವುದು ಯುಕ್ತ.

ಇನ್ನು ಮುಖ್ಯವಾದ ಎಚ್ಚರಿಕೆಯೊಂದುಂಟು. ವರ್ಷಗಳಲ್ಲಿ ಮೆಲ್ಲಮೆಲ್ಲನೆ ಬಂದ ಜಾಡ್ಯವು ಬೇರೆ, ವಾರದೊಳಗೆ ಹಠಾತ್ತಾಗಿ ಬಂದುದು ಬೇರೆ. ಡಿಸ್ಕು ಟಿಕ್‌ಟಿಕ್ಕೆಂದು ಸದ್ದು ಮಾಡುತ್ತ, ನಿನ್ನೆ ತೆರೆದ ಕಡತವು ಇಂದು ತೆರೆಯದಿದ್ದರೆ ಅದು ಅವಸಾನದ ಲಕ್ಷಣವಾಗಿರಬಹುದು. ಆಗ ಯಂತ್ರವನ್ನು ಪದೇಪದೇ ಆರಿಸಿ ಹೊತ್ತಿಸುವುದಾಗಲಿ, ಶುದ್ಧೀಕರಣದ ತಂತ್ರಾಂಶವನ್ನು ಓಡಿಸುವುದಾಗಲಿ ಕೂಡದು. ಗತಿಸಿದ ಹಿರಿಯರ ಭಾವಚಿತ್ರ, ಮಕ್ಕಳ ಅಂಕಪಟ್ಟಿ, ಜಮೀನಿನ ಪತ್ರಗಳ ಪ್ರತಿಗಳನ್ನು ಒಡನೆಯೇ ಬೇರೊಂದು ಡಿಸ್ಕಿಗೆ ತೆಗೆದಿಡಬೇಕು. ಅದು ಆಗದಿದ್ದರೆ ಯಂತ್ರವನ್ನು ನಿಲ್ಲಿಸಿ ಬಲ್ಲವರ ಕೈಗೆ ಒಪ್ಪಿಸಬೇಕು. ಯಂತ್ರವು ಅಂಗಡಿಯಲ್ಲಿ ಸಿಕ್ಕೀತು, ಚಿತ್ರಗಳು ಸಿಕ್ಕಲಾರವು.

"ನಿಮ್ಮ ಯಂತ್ರಕ್ಕೆ ವೈರಸ್ ಹಿಡಿದಿದೆ, ದೂರದಿಂದಲೇ ಸರಿಪಡಿಸುವೆವು" ಎಂದು ಅಪರಿಚಿತರು ದೂರವಾಣಿಯಲ್ಲಿ ಹೇಳಿದರೆ ನಂಬತಕ್ಕದ್ದಲ್ಲ. ಅವರು ಹೇಳಿದ ತಂತ್ರಾಂಶವನ್ನು ಹಾಕಿಕೊಂಡರೆ ಮನೆಯ ಬೀಗದಕೈಯನ್ನೇ ಕೊಟ್ಟಂತೆ. ಹಣ ಹೋದುದು ತಿಳಿದೊಡನೆ 1930 ಸಂಖ್ಯೆಗೆ ಕರೆಮಾಡಿ, ತಮ್ಮ ಬ್ಯಾಂಕಿಗೂ ತಿಳಿಸಬೇಕು.

ಒಟ್ಟಿನಲ್ಲಿ ಕ್ರಮವು ಇಷ್ಟೆ: ಮೊದಲು ಪ್ರತಿ ತೆಗೆದಿಡುವುದು, ಆಮೇಲೆ ಬೇಡವಾದುದನ್ನು ತಡೆಯುವುದು, ಅದರಿಂದಲೂ ಆಗದಿದ್ದರೆ ಡಿಸ್ಕನ್ನು ಬದಲಿಸುವುದು. ಮೊದಲಿನ ಎರಡಕ್ಕೆ ಭಾನುವಾರದ ಒಂದು ಮಧ್ಯಾಹ್ನ ಸಾಕಾದೀತು.