ಪವರ್ ಸ್ಟಿಯರಿಂಗಿನ ಹೋಸ್ ಪೈಪು

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಗ್ಯಾರೇಜಿನ ಎಣ್ಣೆಮಸಿಯ ವಿಷಯವೇಕೆಂದು ವಾಚಕರು ಹುಬ್ಬೇರಿಸಬಹುದು. ಚರಿತ್ರೆ, ಅರ್ಥಶಾಸ್ತ್ರಗಳನ್ನು ಆರಿಸಿಕೊಂಡವನಿಗೆ ಸ್ಪ್ಯಾನರಿನ ಗೊಡವೆ ಬೇಡವೆಂದು ನಾನೂ ನಂಬಿದ್ದವನೇ. ಆದರೆ ನನ್ನ ಸೋದರಮಾವನ ಸಂಸಾರ ನಡೆಯುವುದು ಒಂದು ಹಳೆಯ ಕ್ವಾಲಿಸ್ ಗಾಡಿಯ ಬಾಡಿಗೆಯಿಂದ. ನನ್ನ ಕಾಲೇಜಿನ ಶುಲ್ಕ ಬಂದುದೂ ಅದರಿಂದಲೇ. ಬಿಡದಿಯ ಕಾರ್ಖಾನೆಯಲ್ಲಿ 2000ದಿಂದ 2005ರವರೆಗೆ ತಯಾರಾದ ಗಾಡಿಗಳಲ್ಲಿ ಅದೂ ಒಂದು. ಇಪ್ಪತ್ತು ವರ್ಷ ದಾಟಿದರೂ ಮಾವ ಅದನ್ನು ಮನೆಯ ಎತ್ತಿನಂತೆ ನೋಡಿಕೊಂಡಿದ್ದಾರೆ.

ಕಳೆದ ರಜೆಯಲ್ಲಿ ಧರ್ಮಸ್ಥಳಕ್ಕೆ ಹೊರಟ ಏಳು ಮಂದಿ ಯಾತ್ರಿಕರೊಡನೆ ಚಾರ್ಮಾಡಿ ಘಾಟಿಯನ್ನು ಇಳಿಯುತ್ತಿದ್ದೆವು. ಮುಂದಿನ ಆಸನದಲ್ಲಿ ನಾನಿದ್ದೆ. ಒಂದು ಕಡಿದಾದ ತಿರುವಿನಲ್ಲಿ 'ಟಪ್' ಎಂಬ ಸದ್ದು ಕೇಳಿತು. ಮರುಕ್ಷಣವೇ ಮಾವನ ಕೈಯಲ್ಲಿ ಸ್ಟಿಯರಿಂಗು ಕಲ್ಲಾಯಿತು. ಬಾನೆಟ್ಟಿನ ಸಂದಿಯಿಂದ ಬೂದುಬಣ್ಣದ ಹೊಗೆ ಎದ್ದಿತು. ಮಾವ ಎದೆಯನ್ನು ಚಕ್ರಕ್ಕೆ ಒತ್ತಿ, ಎರಡೂ ಕೈಗಳಿಂದ ಜಗ್ಗಿ, ಗಾಡಿಯನ್ನು ಹೇಗೋ ಬೆಟ್ಟದ ಬದಿಗೆ ತಂದು ನಿಲ್ಲಿಸಿ ಇಂಜಿನ್ ಆರಿಸಿದರು. ಇನ್ನೊಂದು ಬದಿಯಲ್ಲಿ ಏನಿತ್ತೆಂಬುದನ್ನು ಆ ರಸ್ತೆಯನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ.

ಆದದ್ದು ಇಷ್ಟು. ಎರಡು ತಿಂಗಳ ಹಿಂದೆ ಪರಊರಿನಲ್ಲಿ ಹೋಸ್ ಪೈಪು ಜಿನುಗುತ್ತಿದ್ದಾಗ ಯಾರೋ ರಿಪೇರಿಯವರು ಜಿನುಗುವ ಭಾಗವನ್ನು ಕತ್ತರಿಸಿ, ನಡುವೆ ಸಾಮಾನ್ಯ ರಬ್ಬರ್ ಪೈಪಿನ ತುಂಡನ್ನು ತೂರಿಸಿ, ಎರಡು ಕ್ಲಿಪ್ಪು ಬಿಗಿದು ಕಳುಹಿಸಿದ್ದರು. ಹೊಸ ಪೈಪಿನ ಬೆಲೆಯ ಹತ್ತರಲ್ಲೊಂದು ಪಾಲಿಗೆ ಕೆಲಸ ಮುಗಿಯಿತೆಂದು ಮಾವನಿಗೂ ಸಂತೋಷವಾಗಿತ್ತು. ಆ ತುಂಡೇ ಘಾಟಿಯಲ್ಲಿ ಕಿತ್ತುಬಂದದ್ದು.

ಇದು ಏಕೆ ತಡೆಯಲಿಲ್ಲವೆಂದು ತಿಳಿಯಲು ಯಂತ್ರದ ಒಳಗನ್ನು ಸ್ವಲ್ಪ ನೋಡಬೇಕು. ನಮ್ಮ ತತ್ತ್ವಶಾಸ್ತ್ರದ ಅಧ್ಯಾಪಕರಿಗೆ ಪ್ರಿಯನಾದ ಹದಿನೇಳನೆಯ ಶತಮಾನದ ಫ್ರೆಂಚ್ ಚಿಂತಕ ಪ್ಯಾಸ್ಕಲನೇ ಇಲ್ಲಿಯೂ ಎದುರಾಗುತ್ತಾನೆ. ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುವುದೆಂಬುದು ಅವನು ಕಂಡ ನಿಯಮ. ಇಂಜಿನ್ನಿನ ಬೆಲ್ಟಿನಿಂದ ತಿರುಗುವ ಒಂದು ಪಂಪು ಎಣ್ಣೆಯನ್ನು ಒತ್ತಿ ಸ್ಟಿಯರಿಂಗ್ ಪೆಟ್ಟಿಗೆಗೆ ಕಳುಹಿಸುತ್ತದೆ. ನಾವು ಚಕ್ರ ತಿರುಗಿಸಿದ ಕಡೆಗೆ ಎಣ್ಣೆ ನುಗ್ಗಿ ಒಳಗಿನ ಪಿಸ್ಟನ್ನನ್ನು ತಳ್ಳುತ್ತದೆ. ನಮ್ಮ ಕೈಗೆ ಮತ್ತೊಂದು ಕೈ ಕೂಡಿಕೊಂಡಂತೆ. ಅಮೆರಿಕದ ಇಂಜಿನಿಯರ್ ಫ್ರಾನ್ಸಿಸ್ ಡೇವಿಸ್ 1926ರಲ್ಲೇ ಇದನ್ನು ಒಂದು ಕಾರಿಗೆ ಅಳವಡಿಸಿ ತೋರಿಸಿದ್ದರೂ, ಮಾರಾಟದ ಕಾರಿನಲ್ಲಿ ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ ಎಂಬ ಗಾಡಿಯಲ್ಲಿ. ಈಚಿನ ಹೊಸ ಕಾರುಗಳಲ್ಲಿ ಹೆಚ್ಚಾಗಿ ವಿದ್ಯುತ್ ಮೋಟಾರು ಈ ಕೆಲಸ ಮಾಡುವುದರಿಂದ ಪಂಪೂ ಇಲ್ಲ, ಪೈಪೂ ಇಲ್ಲ. ಈ ಚಿಂತೆ ಹಳೆಯ ಗಾಡಿಯವರ ಪಾಲಿಗೆ ಉಳಿದದ್ದು.

ಪೈಪುಗಳು ಎರಡು. ಪೆಟ್ಟಿಗೆಯಿಂದ ಎಣ್ಣೆಯ ಡಬ್ಬಿಗೆ ಮರಳುವ ಪೈಪಿನಲ್ಲಿ ಒತ್ತಡ ಕಡಿಮೆ. ಅದಕ್ಕೆ ಎಣ್ಣೆಯನ್ನು ತಡೆಯುವ ರಬ್ಬರೂ ಕ್ಲಿಪ್ಪೂ ಸಾಕು. ಪಂಪಿನಿಂದ ಪೆಟ್ಟಿಗೆಗೆ ಹೋಗುವುದರ ಮಾತೇ ಬೇರೆ. ಕಾರಿನ ಟೈರಿನಲ್ಲಿ ನಾವು ತುಂಬುವ ಗಾಳಿ ಚದರ ಅಂಗುಲಕ್ಕೆ ಸುಮಾರು 30 ಪೌಂಡು. ಸ್ಟಿಯರಿಂಗನ್ನು ಕೊನೆಯವರೆಗೆ ತಿರುಗಿಸಿ ಹಿಡಿದಾಗ ಈ ಪೈಪಿನೊಳಗಿನ ಒತ್ತಡ 1000 ಪೌಂಡನ್ನೂ ಮೀರಬಹುದು. ಅದಕ್ಕಾಗಿಯೇ ರಬ್ಬರಿನ ನಡುವೆ ಗಟ್ಟಿ ದಾರದ ಹೆಣಿಗೆ ಇರುತ್ತದೆ, ತುದಿಗಳಿಗೆ ಉಕ್ಕಿನ ಬಾಯಿಯನ್ನು ಯಂತ್ರದಲ್ಲಿ ಒತ್ತಿ ಕೂರಿಸಿರುತ್ತಾರೆ. ಕ್ಲಿಪ್ಪು ಎಷ್ಟು ಬಿಗಿದರೇನು, ಅಲ್ಲಿ ನಿಲ್ಲದು. ಪೈಪು ಒಡೆದರೂ ಚಕ್ರಗಳಿಗೂ ಸ್ಟಿಯರಿಂಗಿಗೂ ಇರುವ ಕಬ್ಬಿಣದ ಸಂಬಂಧ ಕಡಿದುಹೋಗುವುದಿಲ್ಲ, ಭಾರವಾಗುತ್ತದೆ ಅಷ್ಟೆ; ನಾವು ಬದುಕಿ ಬಂದದ್ದು ಅದರಿಂದ. ಆದರೆ ಚಿಮ್ಮಿದ ಎಣ್ಣೆ ಕಾದ ಹೊಗೆಕೊಳವೆಯ ಮೇಲೆ ಬಿದ್ದರೆ ಬೆಂಕಿಯೂ ಹತ್ತಬಹುದು. ನಾವು ಕಂಡ ಹೊಗೆ ಅದರದೇ.

ಯಾತ್ರಿಕರನ್ನು ಬಸ್ಸಿಗೆ ಹತ್ತಿಸಿ, ಮರುದಿನ ಗಾಡಿಯನ್ನು ಎಳೆಸಿಕೊಂಡು ಊರಿಗೆ ತಂದೆವು. ಎಣ್ಣೆಯಿಲ್ಲದೆ ಇಂಜಿನ್ ಓಡಿಸಿದರೆ ಪಂಪೂ ಸವೆದುಹೋಗುತ್ತದೆ. ನೆರೆಯ ಗ್ಯಾರೇಜಿನ ಮೇಸ್ತ್ರಿಗಳು ಬಂದು ನೋಡಿ, "ಈ ತುಂಡು ಹಾಕಿದವರು ಯಾರ್ರೀ?" ಎಂದರು. ಮಾವ ಉತ್ತರಿಸಲಿಲ್ಲ.

ಕೆಲಸ ಹಿಡಿದದ್ದು ಇಂಜಿನ್ ಪೂರ್ತಿ ತಣ್ಣಗಿರುವಾಗ. ಬ್ಯಾಟರಿಯ ಋಣ ತಂತಿ ಬಿಚ್ಚಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಜಾಕಿಯಿಂದ ಎತ್ತಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದೆವು. ಬರಿಯ ಜಾಕಿಯನ್ನು ನಂಬಿ ಗಾಡಿಯ ಅಡಿಗೆ ನುಸುಳಬಾರದೆಂದು ಮೇಸ್ತ್ರಿಗಳು ಎರಡು ಸಲ ಹೇಳಿದರು. ಹಳೆಯ ಪೈಪು ಯಾವ ದಾರಿಯಲ್ಲಿ ಹೋಗಿದೆ, ಎಲ್ಲೆಲ್ಲಿ ಹಿಡಿಕೆ ಇದೆ ಎಂಬುದನ್ನು ಬಿಚ್ಚುವ ಮೊದಲೇ ಚಿತ್ರ ಬರೆದುಕೊಂಡೆ. ನನ್ನಿಂದಾದ ಉಪಕಾರವೆಂದರೆ ಅದೊಂದೇ ಎನ್ನಬೇಕು.

ಹೆಚ್ಚು ಹೊತ್ತು ಹಿಡಿದದ್ದು ಪೆಟ್ಟಿಗೆಯ ಕಡೆಯ ನಟ್ಟು. ವರ್ಷಗಳ ತುಕ್ಕು, ಕೈ ಆಡದ ಜಾಗ. ಬಾಯಿ ತೆರೆದ ಸಾಮಾನ್ಯ ಸ್ಪ್ಯಾನರಿನಿಂದ ಜಗ್ಗಿದರೆ ನಟ್ಟಿನ ಮೂಲೆಗಳು ಸವೆದು ಉರುಟಾಗುತ್ತವೆ. ಆಮೇಲೆ ದೇವರೇ ಗತಿ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ನಟ್ಟನ್ನು ಸುತ್ತಲೂ ಹಿಡಿಯುವಂತಹ ಸ್ಪ್ಯಾನರಿನಿಂದ ತಿರುಗಿಸಿದಾಗ 'ಕಿರ್' ಎಂದು ಬಿಟ್ಟುಕೊಟ್ಟಿತು. ಹೊಸ ಪೈಪನ್ನು ಹಳೆಯದರ ಪಕ್ಕದಲ್ಲಿಟ್ಟು ಉದ್ದ, ಬಾಗು, ಬಾಯಿಗಳನ್ನು ಹೋಲಿಸಿದೆವು. ಪಂಪಿನ ಕಡೆಯ ವಾಷರುಗಳನ್ನು ಹೊಸವೇ ಹಾಕಬೇಕು. ಒಮ್ಮೆ ಚಪ್ಪಟೆಯಾದ ವಾಷರು ಮತ್ತೆ ಸರಿಯಾಗಿ ಕೂರದು. ಎರಡೂ ತುದಿಗಳ ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಿ, ಮರೆ ಸರಿಯಾಗಿ ಕೂತಿದೆ ಎಂದು ಖಚಿತವಾದ ಮೇಲೆ ಬಿಗಿದೆವು. ಪೈಪು ಹೊಗೆಕೊಳವೆಗಾಗಲಿ ಬೆಲ್ಟಿಗಾಗಲಿ ತಾಗದಂತೆ ಹಳೆಯ ಹಿಡಿಕೆಗಳಲ್ಲೇ ಕೂರಿಸಿದೆವು.

ಇನ್ನು ಎಣ್ಣೆ. ಗಾಡಿಯ ಕೈಪಿಡಿ ಹೇಳಿದ ಎಣ್ಣೆಯನ್ನೇ ಹಾಕಬೇಕು. ಅವಸರಕ್ಕೆ ಬ್ರೇಕ್ ಆಯಿಲ್ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ. ಡಬ್ಬಿ ತುಂಬಿ, ಮುಂದಿನ ಚಕ್ರಗಳು ನೆಲ ಬಿಟ್ಟಿರುವಾಗಲೇ, ಇಂಜಿನ್ ಹಚ್ಚದೆ ಸ್ಟಿಯರಿಂಗನ್ನು ಈ ಕೊನೆಯಿಂದ ಆ ಕೊನೆಗೆ ನಿಧಾನವಾಗಿ ಇಪ್ಪತ್ತು ಸಲ ತಿರುಗಿಸಿದೆ. ಒಳಗೆ ಸಿಕ್ಕಿದ ಗಾಳಿ ಗುಳ್ಳೆಗುಳ್ಳೆಯಾಗಿ ಡಬ್ಬಿಗೆ ಬಂತು. ಎಣ್ಣೆ ಇಳಿದಂತೆಲ್ಲ ಮಾವ ಸುರಿದರು. ಅನಂತರ ಬ್ಯಾಟರಿಯ ತಂತಿ ಜೋಡಿಸಿ ಇಂಜಿನ್ ಹಚ್ಚಿ ಮತ್ತೆ ತಿರುಗಿಸಿದೆವು. ಮೊದಲು ಪಂಪು ನರಳಿತು, ಎಣ್ಣೆ ನೊರೆಗಟ್ಟಿತು. ಆರಿಸಿ ಅರ್ಧ ಗಂಟೆ ಬಿಟ್ಟು ಮತ್ತೆ ಹಚ್ಚಿದಾಗ ನರಳಾಟ ನಿಂತಿತ್ತು.

ಜೋಡಣೆ ಜಿನುಗುತ್ತಿದೆಯೇ ಎಂದು ನೋಡಲು ನಾನು ಬೆರಳು ಚಾಚಿದೆ. ಮೇಸ್ತ್ರಿಗಳು ಕೈಯನ್ನು ಸರಕ್ಕನೆ ಹಿಂದಕ್ಕೆ ಎಳೆದರು. "ಇಂಜಿನ್ ಓಡ್ತಿರುವಾಗ ಕೈ ಹಾಕಬೇಡಪ್ಪ, ಸೂಜಿತೂತಿನಿಂದ ಬಂದರೂ ಚರ್ಮ ತೂರಿ ಒಳಗೆ ಹೋಗುತ್ತೆ." ಒಂದು ರಟ್ಟಿನ ತುಂಡನ್ನು ಹಿಡಿದು ನೋಡಿದೆವು, ಕಲೆ ಬೀಳಲಿಲ್ಲ.

ರಾತ್ರಿ ಗಾಡಿಯ ಅಡಿಗೆ ಹಳೆಯ ದಿನಪತ್ರಿಕೆ ಹಾಸಿ ಮಲಗಿದೆವು. ಬೆಳಗಾಗುವ ಮೊದಲೇ ಮಾವ ಬ್ಯಾಟರಿ ದೀಪ ಹಿಡಿದು ಬಗ್ಗಿ ನೋಡುತ್ತಿದ್ದರು. ಕಾಗದ ಒಣಗಿಯೇ ಇತ್ತು. ಆ ಶನಿವಾರ ಮತ್ತೆ ಧರ್ಮಸ್ಥಳದ ಬಾಡಿಗೆ ಗೊತ್ತಾಗಿತ್ತು.